ಮುಂಬೈ ಸಿನಿಮಾ ಟೂರ್: ಬಸ್ಸು ಚೆನ್ನಾಗಿದೆ, ಗುರುದತ್ ಕಥೆ ತಪ್ಪು

ಐದರಲ್ಲಿ ಎರಡೂವರೆ. ಬಸ್ಸಿಗೆ, ತಿಂಡಿಗೆ, ಡ್ರೈವರ್‌ಗೆ ನನ್ನಿಂದ ಪೂರ್ತಿ ಮಾರ್ಕ್ಸ್. ಕಳೆದದ್ದೆಲ್ಲ ಬಸ್ಸಿನಲ್ಲಿ ಹೇಳಿದ ಕಥೆಗಳಿಗೆ. ಅದರಲ್ಲೂ ಹಳೆಯ ಹಿಂದಿ ಸಿನಿಮಾದ ನಿರ್ದೇಶಕ, ನಟ ಗುರುದತ್ ಬಗ್ಗೆ ಹೇಳಿದ್ದಕ್ಕೆ.

ಕಂಪನಿಯ ಹೆಸರು ಬರೆಯುವುದಿಲ್ಲ. ಮೈಸೂರಿಂದ ಅಕ್ಕ, ಭಾವ ಬಂದಿದ್ದರು. ಮುಂಬೈಗೆ ಬಂದ ಮೇಲೆ ಸಿನಿಮಾ ಊರು ನೋಡದೆ ಹೋಗೋದು ಹೇಗೆ ಅಂತ ಮೂವರಿಗೂ ಬುಕ್ ಮಾಡಿದೆ. ತಲೆಗೆ ಎರಡು ಸಾವಿರದ ಮೇಲೆ. ಕೊಲಾಬಾದಲ್ಲಿ ಹತ್ತಿಸಿಕೊಂಡು ಪೆಡ್ಡರ್ ರೋಡ್, ಬಾಂದ್ರಾ, ಜುಹು ದಾಟಿ ಗೋರೆಗಾಂವ್ ಕಡೆಯ ಒಂದು ಸ್ಟುಡಿಯೋಗೆ ಕರೆದುಕೊಂಡು ಹೋಗುತ್ತಾರೆ. ನಾನು ಸೀರಿಯಲ್ ಸೆಟ್‌ಗಳಲ್ಲಿ ಲೈಟಿಂಗ್ ಕೆಲಸ ಮಾಡುವವನು. ಸ್ಟುಡಿಯೋ ನನಗೆ ಹೊಸದಲ್ಲ. ಆದರೆ ಹೊರಗಿನವರಿಗೆ ಅದನ್ನು ಹೇಗೆ ತೋರಿಸುತ್ತಾರೆ ಅಂತ ನೋಡುವ ಆಸೆ ಇತ್ತು.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಎಸಿ ಚೆನ್ನಾಗಿತ್ತು, ಕಿಟಕಿ ಗಾಜು ಶುಚಿಯಾಗಿತ್ತು. ವಯಸ್ಸಾದವರು ಹತ್ತಲು ಡ್ರೈವರ್ ಸಣ್ಣ ಸ್ಟೂಲ್ ಇಟ್ಟುಕೊಂಡಿದ್ದರು. ಭಾವನಿಗೆ ಮಂಡಿ ನೋವು, ಪ್ರತಿ ಸ್ಟಾಪ್‌ನಲ್ಲೂ ಅವರೇ ಇಳಿದು ಕೈ ಹಿಡಿದರು. ಡಬ್ಬಿಂಗ್ ರೂಮಿನಲ್ಲಿ ನಮ್ಮ ದನಿ ರೆಕಾರ್ಡ್ ಮಾಡಿ ಸೀನ್‌ಗೆ ಸೇರಿಸಿ ತೋರಿಸುತ್ತಾರೆ. ಅಕ್ಕ ಎಷ್ಟು ಖುಷಿಪಟ್ಟಳು ಅಂದರೆ, ಆ ಕ್ಲಿಪ್ ಈಗ ಮೈಸೂರಿನ ನಮ್ಮ ನೆಂಟರೆಲ್ಲರ ಫೋನಲ್ಲೂ ಇದೆ.

ಈಗ ಪೆಡ್ಡರ್ ರೋಡ್ ವಿಷಯ. ಬಸ್ಸು ಸಿಗ್ನಲ್‌ನಲ್ಲಿ ನಿಂತಿತ್ತು. ಗೈಡ್ ಹುಡುಗ ಮೈಕ್ ಹಿಡಿದು, ಗುರುದತ್ ತೀರಿಕೊಂಡದ್ದು ಈ ರಸ್ತೆಯ ಫ್ಲ್ಯಾಟಿನಲ್ಲೇ ಅಂದ. ಅದು ನಿಜ, 1964ರ ಅಕ್ಟೋಬರ್ 10. ಆಗ ಅವರಿಗೆ ಬರೀ 39 ವರ್ಷ. ಆಮೇಲೆ ಅವನು ಹೇಳಿದ್ದು ಇಷ್ಟು: ಅವರು ನಿರ್ದೇಶಿಸಿದ ‘ಕಾಗಜ್ ಕೇ ಫೂಲ್’ ಮಕಾಡೆ ಮಲಗಿತು, ಅಲ್ಲಿಗೆ ಅವರ ಕೆಲಸ ಮುಗಿಯಿತು, ಕುಡಿದು ಕುಡಿದು ಹೋದರು. ಸಿಗ್ನಲ್ ಬಿಟ್ಟಿತು, ಕಥೆಯೂ ಮುಗಿಯಿತು. ಭಾವ ನನ್ನ ಕಡೆ ತಿರುಗಿ, “ಆಮೇಲೆ ಸಿನಿಮಾನೇ ಮಾಡಲಿಲ್ವೇನಪ್ಪಾ ಪಾಪ?” ಅಂತ ಕೇಳಿದರು.

ಮಾಡಿದರು. ಅದನ್ನೇ ಇಲ್ಲಿ ಬರೆಯಬೇಕು ಅನ್ನಿಸಿದ್ದು.

‘ಕಾಗಜ್ ಕೇ ಫೂಲ್’ ಬಂದದ್ದು 1959ರಲ್ಲಿ. ಸೋತದ್ದು ನಿಜ. ಮರುವರ್ಷವೇ, 1960ರಲ್ಲಿ, ಅದೇ ಗುರುದತ್ ನಿರ್ಮಿಸಿ ನಟಿಸಿದ ‘ಚೌದವೀ ಕಾ ಚಾಂದ್’ ಬಂತು. ಭಾರೀ ಓಡಿತು. 1962ರಲ್ಲಿ ‘ಸಾಹಿಬ್ ಬೀಬಿ ಔರ್ ಗುಲಾಮ್’. ಅದಕ್ಕೆ ಫಿಲಂಫೇರ್‌ನ ಅತ್ಯುತ್ತಮ ಚಿತ್ರ ಪ್ರಶಸ್ತಿ ಸಿಕ್ಕಿತು. ಇದನ್ನು ಮುಗಿದುಹೋದವರ ಕೆಲಸ ಅನ್ನೋದಕ್ಕಾಗುತ್ತಾ? ಸೋಲು ಅವರಿಗೆ ಹೊಸದೂ ಅಲ್ಲ. ‘ಬಾಝ್’ ಓಡಿರಲಿಲ್ಲ, 1956ರ ‘ಸೈಲಾಬ್’ ಓಡಿರಲಿಲ್ಲ. ‘ಸೈಲಾಬ್’ ಬಿದ್ದ ಮರುವರ್ಷವೇ ‘ಪ್ಯಾಸಾ’ ಕೊಟ್ಟರು.

ಹಾಗಂತ ಏನೂ ಆಗಲಿಲ್ಲ ಅಂತ ಹೇಳುತ್ತಿಲ್ಲ. ಒಂದು ದೊಡ್ಡ ನಷ್ಟ ಆಯಿತು. ‘ಕಾಗಜ್ ಕೇ ಫೂಲ್’ ನಂತರ ಅವರು ನಿರ್ದೇಶಕ ಅಂತ ಯಾವ ಚಿತ್ರಕ್ಕೂ ಹೆಸರು ಹಾಕಿಕೊಳ್ಳಲಿಲ್ಲ. ‘ಚೌದವೀ ಕಾ ಚಾಂದ್’ಗೆ ಎಂ. ಸಾದಿಕ್ ಹೆಸರು, ‘ಸಾಹಿಬ್ ಬೀಬಿ’ಗೆ ಅಬ್ರಾರ್ ಅಲ್ವಿ ಹೆಸರು. ಕೆಲಸ ನಿಲ್ಲಲಿಲ್ಲ, ಹೆಸರು ಮಾತ್ರ ಹಿಂದೆ ಸರಿಯಿತು. ನನ್ನ ಪ್ರಕಾರ ಇದು ಗೈಡ್ ಹೇಳಿದ್ದಕ್ಕಿಂತ ಜಾಸ್ತಿ ನೋವಿನ ವಿಷಯ. ಬಸ್ಸಿನಲ್ಲಿದ್ದ ಯಾರಿಗೂ ಇದು ತಿಳಿಯಲಿಲ್ಲ. ಇನ್ನು ಆ ಸಾವು. ಅದು ಆಕಸ್ಮಿಕವೋ ಬೇರೆಯೋ ಅನ್ನೋದು ಇವತ್ತಿಗೂ ತೀರ್ಮಾನವಾಗಿಲ್ಲ. ಐದು ವರ್ಷ ಹಿಂದಿನ ಒಂದು ಚಿತ್ರದ ತಲೆಗೆ ಅದನ್ನು ಕಟ್ಟುವುದು ಅನ್ಯಾಯ.

ಈ ತಪ್ಪು ಎಲ್ಲಿಂದ ಬರುತ್ತೆ ಅಂತ ನನಗೆ ಅನ್ನಿಸುವುದು ಹೀಗೆ. ‘ಕಾಗಜ್ ಕೇ ಫೂಲ್’ನಲ್ಲಿ ಒಬ್ಬ ಹೆಸರಾಂತ ನಿರ್ದೇಶಕನ ಚಿತ್ರ ಸೋಲುತ್ತದೆ. ಅವನು ಕುಡಿತಕ್ಕೆ ಬೀಳುತ್ತಾನೆ, ಕೆಲಸ ಕಳೆದುಕೊಳ್ಳುತ್ತಾನೆ, ಖಾಲಿ ಸ್ಟುಡಿಯೋದಲ್ಲಿ ನಿರ್ದೇಶಕನ ಕುರ್ಚಿಯಲ್ಲೇ ಸಾಯುತ್ತಾನೆ. ಆ ಪಾತ್ರ ಮಾಡಿದ್ದು ಗುರುದತ್ತೇ. ಜನ ಪಾತ್ರದ ಕಥೆಯನ್ನು ಎತ್ತಿ ಅವರ ಬದುಕಿಗೆ ಅಂಟಿಸಿಬಿಟ್ಟರು. ಗೈಡ್ ನಮಗೆ ಹೇಳಿದ್ದು ಸಿನಿಮಾ ಕಥೆ, ಮನುಷ್ಯನ ಕಥೆಯಲ್ಲ.

ಅಕ್ಕನಿಗೆ ಬೇಜಾರಾದದ್ದು ಬೇರೆ ಕಾರಣಕ್ಕೆ. “ನಮ್ಮ ಮೂರ್ತಿಯವರ ಹೆಸರೇ ಎತ್ತಲಿಲ್ಲವಲ್ಲೋ!” ಅಂದಳು. ಗುರುದತ್ ಚಿತ್ರಗಳ ಛಾಯಾಗ್ರಾಹಕ ವಿ.ಕೆ. ಮೂರ್ತಿ, ಮೈಸೂರಿನವರು. ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಕ್ಯಾಮೆರಾ ಕೆಲಸ ಕಲಿತು ಮುಂಬೈಗೆ ಬಂದವರು. ಗುರುದತ್ ಹುಟ್ಟಿದ್ದೂ ಬೆಂಗಳೂರಿನಲ್ಲೇ, ಮನೆತನದ ಹೆಸರು ಪಡುಕೋಣೆ. ಭಾರತದ ಮೊದಲ ಸಿನಿಮಾಸ್ಕೋಪ್ (ಅಗಲ ಪರದೆಯ) ಚಿತ್ರ ‘ಕಾಗಜ್ ಕೇ ಫೂಲ್’. ಅದನ್ನು ತೆಗೆದ ಕೈ ಮೂರ್ತಿಯವರದ್ದು. ಚಿತ್ರ ಸೋತರೂ ಅವರ ಛಾಯಾಗ್ರಹಣಕ್ಕೆ ಫಿಲಂಫೇರ್ ಬಂತು. 2008ರ ಸಾಲಿನ ಫಾಲ್ಕೆ ಪ್ರಶಸ್ತಿಯೂ ಅವರಿಗೇ ಸಂದಿತು.

ಲೈಟಿಂಗ್‌ನವನಾಗಿ ಆ ಕೆಲಸದ ಬಗ್ಗೆ ಸ್ವಲ್ಪ ಹೇಳಲೇಬೇಕು. ಸಿನಿಮಾಸ್ಕೋಪ್ ಲೆನ್ಸು ಅಗಲವಾದ ದೃಶ್ಯವನ್ನು ಅಕ್ಕಪಕ್ಕದಿಂದ ಒತ್ತಿ ಮಾಮೂಲಿ ಫಿಲಂ ಮೇಲೆ ಕೂರಿಸುತ್ತದೆ. ಥಿಯೇಟರಿನ ಪ್ರೊಜೆಕ್ಟರ್ ಲೆನ್ಸು ಅದನ್ನು ಮತ್ತೆ ಅಗಲ ಮಾಡುತ್ತದೆ. ಆಗಿನ ಲೆನ್ಸುಗಳಲ್ಲಿ ಕ್ಲೋಸಪ್ ತೆಗೆದರೆ ಮುಖ ಊದಿಕೊಂಡ ಹಾಗೆ ಕಾಣುತ್ತಿತ್ತು. ಫ್ರೇಮು ಅಗಲ ಆದಷ್ಟೂ ಲೈಟು ಬಚ್ಚಿಡಲು ಜಾಗ ಕಮ್ಮಿ. ಇಷ್ಟೆಲ್ಲ ಕಷ್ಟದ ನಡುವೆ ಅವರು ಒಂದು ಹಾಡಿಗೆ ಸ್ಟುಡಿಯೋ ಒಳಗೆ ಬಿಸಿಲುಕೋಲು ಇಳಿಸಿದರು. ಹೊರಗೆ ದೊಡ್ಡ ಕನ್ನಡಿ ಇಟ್ಟು ಸೂರ್ಯನ ಬೆಳಕು ಹಿಡಿದರು. ಅದನ್ನು ಮೇಲೆ ಇಟ್ಟ ಇನ್ನೊಂದು ಕನ್ನಡಿಗೆ ಹೊಡೆಸಿ, ಅಲ್ಲಿಂದ ಒಳಗೆ ಬಿಟ್ಟರು. ಕೋಲು ಎದ್ದು ಕಾಣಲಿ ಅಂತ ಹೊಗೆ. ಸೂರ್ಯ ಜರುಗಿದರೆ ಬೆಳಕೂ ಜರುಗುತ್ತೆ. ಹಾಗಾಗಿ ಕನ್ನಡಿ ಹಿಡಿದವರು ಅಲ್ಲಾಡದೆ, ಮೈಯೆಲ್ಲ ಕಣ್ಣಾಗಿ ನಿಂತಿರಬೇಕು. ಇವತ್ತು ನಮ್ಮ ಹತ್ತಿರ ಎಲ್‌ಇಡಿ ಇದೆ, ರಿಮೋಟ್ ಇದೆ. ಆದರೂ ಆ ಬೆಳಕು ನೋಡಿದಾಗಲೆಲ್ಲ ನನಗೆ ಕೈ ಮುಗಿಯುವ ಮನಸ್ಸಾಗುತ್ತದೆ.

ಟೂರ್‌ನಲ್ಲಿ ಇದನ್ನು ತೋರಿಸಲು ಒಳ್ಳೆಯ ಅವಕಾಶ ಇತ್ತು. ಸ್ಟುಡಿಯೋದಲ್ಲಿ ಆ ದಿನ ಶೂಟಿಂಗ್ ನಡೆಯುತ್ತಿತ್ತು. ಲೈಟ್ ದಾದಾಗಳು ಥರ್ಮಾಕೋಲ್ ಹಿಡಿದು ಬೆಳಕು ತಿರುಗಿಸುತ್ತಿದ್ದರು. ಅದು ಮೂರ್ತಿಯವರು ಮಾಡಿದ ಜಾತಿಯದೇ ಕೆಲಸ. ಗೈಡ್ ಎಲ್ಲರನ್ನೂ ಅವಸರದಲ್ಲಿ ಹಾಯಿಸಿ, ಜೈಲು ಸೆಟ್‌ನ ಕಂಬಿಗಳ ಹಿಂದೆ ಸೆಲ್ಫಿಗೆ ನಿಲ್ಲಿಸಿದ. ಸೆಲ್ಫಿಗೆ ಕೊಟ್ಟ ಸಮಯದಲ್ಲಿ ಅರ್ಧದಷ್ಟು ಈ ಲೈಟಿನ ಕೆಲಸಕ್ಕೆ ಕೊಟ್ಟಿದ್ದರೆ ಸಾಕಿತ್ತು. ಅಕ್ಕ, ಭಾವನಿಗೆ ನಾನೇ ಪಿಸುದನಿಯಲ್ಲಿ ವಿವರಿಸಿದೆ. ಪಕ್ಕದಲ್ಲಿದ್ದ ನಾಗಪುರದ ದಂಪತಿ, ನಮಗೂ ಹಿಂದಿಯಲ್ಲಿ ಹೇಳಿ ಅಂದರು. ಜನಕ್ಕೆ ಆಸಕ್ತಿ ಇದೆ ಸ್ವಾಮಿ, ಹೇಳುವವರು ಬೇಕು.

ಗೈಡ್ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಬರೆದುಕೊಟ್ಟದ್ದನ್ನು ಒಪ್ಪಿಸುತ್ತಿದ್ದ. ಬರೆದುಕೊಟ್ಟವರು ಸರಿಮಾಡಬೇಕು.

ಇನ್ನೊಂದು ಮಾತು. ಅದೇ ಪೆಡ್ಡರ್ ರೋಡಿನಲ್ಲಿ, ಸರ್ಕಾರದ ಸಾಕ್ಷ್ಯಚಿತ್ರ ಸಂಸ್ಥೆಯಾಗಿದ್ದ ಫಿಲಂಸ್ ಡಿವಿಷನ್‌ನ ಆವರಣದಲ್ಲಿ, ಭಾರತೀಯ ಸಿನಿಮಾದ ರಾಷ್ಟ್ರೀಯ ಮ್ಯೂಸಿಯಂ ಇದೆ. 2019ರ ಜನವರಿಯಲ್ಲಿ ಶುರುವಾದದ್ದು. ಗುಲ್ಶನ್ ಮಹಲ್ ಅನ್ನುವ ಹಳೆ ಬಂಗಲೆ ಒಂದು, ಪಕ್ಕದಲ್ಲಿ ಹೊಸ ಕಟ್ಟಡ ಒಂದು. ಒಳಗೆ ಹಳೆಯ ಕ್ಯಾಮೆರಾಗಳಿವೆ. ಬಸ್ಸು ಅಲ್ಲಿ ನಿಲ್ಲುವುದಿಲ್ಲ. ಮಾರನೆಯ ದಿನ ಗ್ರಾಂಟ್ ರೋಡ್ ಸ್ಟೇಷನ್ನಿಂದ ಟ್ಯಾಕ್ಸಿ ಮಾಡಿ ನಾವೇ ಹೋದೆವು. ಭಾವ ಕ್ಯಾಮೆರಾಗಳ ಮುಂದೆ ನಿಂತಷ್ಟು ಹೊತ್ತು ಜುಹುವಿನ ಯಾವ ಬಂಗಲೆಯ ಗೇಟಿನ ಮುಂದೂ ನಿಂತಿರಲಿಲ್ಲ. ಸೋಮವಾರ ರಜೆ, ನೆನಪಿಟ್ಟುಕೊಳ್ಳಿ.

ಮಕ್ಕಳಿದ್ದು, ತಾರೆಯರ ಮನೆ ನೋಡಿದರೆ ಸಾಕು ಅನ್ನುವವರು ಈ ಟೂರ್‌ಗೆ ಧಾರಾಳವಾಗಿ ಹೋಗಿ, ದುಡ್ಡು ದಂಡ ಆಗುವುದಿಲ್ಲ. ಸಿನಿಮಾ ಹೇಗೆ ಮಾಡುತ್ತಾರೆ ಅಂತ ತಿಳಿಯಬೇಕಾದವರು ಮೊದಲು ಮ್ಯೂಸಿಯಂಗೆ ಹೋಗಿ. ಕಂಪನಿಯ ಫೀಡ್‌ಬ್ಯಾಕ್ ಫಾರಂನಲ್ಲಿ ‘ಚೌದವೀ ಕಾ ಚಾಂದ್’, ‘ಸಾಹಿಬ್ ಬೀಬಿ’, ಮೂರ್ತಿಯವರ ಹೆಸರು ಮೂರನ್ನೂ ಇಸವಿ ಸಮೇತ ಬರೆದುಕೊಟ್ಟಿದ್ದೇನೆ. ನೀವು ಹೋದಾಗ ಪೆಡ್ಡರ್ ರೋಡಿನಲ್ಲಿ ಇವು ಕಿವಿಗೆ ಬಿದ್ದರೆ ಇಲ್ಲಿ ತಿಳಿಸಿ, ನನ್ನ ಮಾರ್ಕ್ಸ್ ಜಾಸ್ತಿ ಮಾಡುತ್ತೇನೆ.