ಸೂಪರ್ ಮಾರ್ಕೆಟ್‌ಗೆ ಮಾಲು ಹಾಕುವವರೇ, ಡೆಬಿಟ್ ನೋಟ್ ಬಗ್ಗೆ ಮೊದಲೇ ಕೇಳಿ

ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಖಡಕ್ ರೊಟ್ಟಿ ಮಾಡಿ ಅಂಗಡಿಗೆ ಹಾಕುವವರು ಇದನ್ನು ಓದಿ. ದೊಡ್ಡ ಸೂಪರ್ ಮಾರ್ಕೆಟ್‌ನವರು ಫೋನ್ ಮಾಡಿ ಮಾಲು ಕೇಳಿದರೆ ಖುಷಿಯಲ್ಲಿ ಕರಾರಿಗೆ ಸುಮ್ನೆ ಸಹಿ ಹಾಕಬೇಡಿ.

ಧಾರವಾಡದ ನಮ್ಮ ಘಟಕದಿಂದ ಒಂದು ಚೈನ್ ಅಂಗಡಿಗೆ (ಹೆಸರು ಬೇಡ) ಮಾಲು ಹೋಗುತ್ತಿತ್ತು. ಆರ್ಡರ್ ಚೆನ್ನಾಗಿಯೇ ಬರುತ್ತಿತ್ತು. ದುಡ್ಡು ಬಂದಾಗ ಅಸಲಿ ಕಥೆ ಗೊತ್ತಾಯಿತು. ಬಿಲ್ಲು 42,000 ರೂಪಾಯಿ, ಖಾತೆಗೆ ಬಿದ್ದಿದ್ದು 29,000 ಚಿಲ್ಲರೆ. ಜೊತೆಗೊಂದು ಡೆಬಿಟ್ ನೋಟ್, ಅಂದರೆ ಬಿಲ್ಲಿನಿಂದ ಏನೇನಕ್ಕೆ ಎಷ್ಟು ದುಡ್ಡು ಮುರಿದುಕೊಂಡಿದ್ದಾರೆ ಅನ್ನೋ ಚೀಟಿ. ಶೆಲ್ಫ್ ಜಾಗಕ್ಕೆ ಇಷ್ಟು, ಹಬ್ಬದ ಆಫರ್‌ಗೆ ಇಷ್ಟು, 'ಡ್ಯಾಮೇಜ್' ಅಂತ ಇಷ್ಟು. ಆಫರ್ ಇಟ್ಟಿದ್ದು ಅವರು, ನಮಗೆ ಒಂದು ಮಾತೂ ಹೇಳಿರಲಿಲ್ಲ. ಒಡೆದ ಪ್ಯಾಕೆಟ್ ತೋರಿಸಿ ಅಂದರೆ, "ಮೇಡಂ, ಅದನ್ನ ಗೋಡೌನ್‌ನಲ್ಲೇ ಎಸೆದುಬಿಟ್ವಿ" ಅಂದರು. ಮಾಲು ಇಳಿಸಿಕೊಂಡು, ಪೂರ್ತಿ ಸರಿಯಾಗಿ ಬಂದಿದೆ ಅಂತ ಚಲನ್ ಮೇಲೆ ಸೀಲು ಒತ್ತಿ ಸಹಿ ಹಾಕಿದ್ದು ಅವರದೇ ಹುಡುಗ! ಉಳಿದ ದುಡ್ಡು ಕೇಳಿದರೆ ಪರ್ಚೇಸ್‌ನವರು ಅಕೌಂಟ್ಸ್ ಕಡೆ ಕೈ ತೋರಿಸುತ್ತಾರೆ, ಅಕೌಂಟ್ಸ್‌ನವರು ಪರ್ಚೇಸ್ ಕಡೆ. ನಮಗೆ ಶೇಂಗಾ ಕೊಡುವ ದಲಾಲಿ ಅಂಗಡಿಯವರು ಇಷ್ಟು ದಿನ ಕಾಯ್ತಾರಾ?

ಕರಾರಿನಲ್ಲಿ 90 ದಿನ ಅಂತ ಬರೆದಿದ್ದರೂ ಹೆದರಬೇಡಿ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ನಮ್ಮಂಥ ಸಣ್ಣ ತಯಾರಕರಿಗೆ 45 ದಿನದೊಳಗೆ ದುಡ್ಡು ಕೊಡಲೇಬೇಕು. ಬರಹದ ಕರಾರೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ಇನ್ನೊಂದು ಮಾತು ತುಂಬಾ ಜನಕ್ಕೆ ಗೊತ್ತಿಲ್ಲ. ಮಾಲಿನ ಬಗ್ಗೆ ತಕರಾರಿದ್ದರೆ ತಲುಪಿದ 15 ದಿನದೊಳಗೆ ಅವರು ಬರಹದಲ್ಲಿ ತಿಳಿಸಬೇಕು. ಇಲ್ಲದಿದ್ದರೆ ಮಾಲು ತಲುಪಿದ ದಿನವೇ ಒಪ್ಪಿಕೊಂಡ ಹಾಗೆ. ತಿಂಗಳುಗಟ್ಟಲೆ ಬಿಟ್ಟು 'ಡ್ಯಾಮೇಜ್' ಅಂದರೆ ಈ ಮಾತು ನೆನಪಿಸಿ.

ಉದ್ಯಮ್ ನೋಂದಣಿಯನ್ನು (ನಮ್ಮದು ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲಿಸುವುದು) ಮಾಲು ಕಳಿಸುವ ಮೊದಲೇ ಮಾಡಿಸಿ. ಆಮೇಲೆ ಮಾಡಿಸಿದರೆ, ಈ ಕಾಯ್ದೆ ನಿಮಗೆ ಅನ್ವಯಿಸಲ್ಲ ಅನ್ನೋಕೆ ಅವರಿಗೆ ಅದೇ ಒಂದು ವಾದವಾಗುತ್ತದೆ. ಅದಕ್ಕೆ ಸರ್ಕಾರಿ ಶುಲ್ಕ ಏನೂ ಇಲ್ಲ, ಏಜೆಂಟರು ಸುಮ್ನೆ ದುಡ್ಡು ಕೀಳುತ್ತಾರೆ.

ದೂರು ಕೊಟ್ಟರೆ ಆರ್ಡರ್ ನಿಲ್ಲಿಸುತ್ತಾರೆ ಅನ್ನೋ ಭಯ ಸುಳ್ಳಲ್ಲ. ನಮಗೂ ನಿಲ್ಲಿಸಿದರು. ಅರ್ಜಿ ಈಗ ಫೆಸಿಲಿಟೇಶನ್ ಕೌನ್ಸಿಲ್ (ಇದೇ ಕಾಯ್ದೆಯಡಿ ಬಾಕಿ ದುಡ್ಡಿನ ತಕರಾರು ಕೇಳುವ ಮಂಡಳಿ) ಮುಂದಿದೆ. ಅಲ್ಲಿ ತೀರ್ಪು ನಮ್ಮ ಕಡೆ ಬಂದರೆ, ಅದನ್ನು ಕೋರ್ಟಿನಲ್ಲಿ ಪ್ರಶ್ನಿಸೋಕೆ ಅವರು ಮೊದಲು 75% ಮೊತ್ತ ಠೇವಣಿ ಇಡಬೇಕು. ಹಾಗಾಗಿ ಪರ್ಚೇಸ್ ಆರ್ಡರ್, ಸೀಲು ಬಿದ್ದ ಚಲನ್, ಇ-ಮೇಲ್ ಎಲ್ಲ ಒಂದು ಫೈಲಿನಲ್ಲಿ ಹಾಕಿಡಿ. ಆಫರ್, ಶೆಲ್ಫ್ ಬಾಡಿಗೆ, ವಾಪಸ್ ಮಾಲು ಇವುಗಳ ಖರ್ಚು ಯಾರದ್ದು ಅಂತ ಕರಾರಿನಲ್ಲೇ ಬರೆಸಿ. ಬರೆಯಲ್ಲ ಅಂದರೆ ಊರಿನ ಕಿರಾಣಿ ಅಂಗಡಿಗಳೇ ವಾಸಿ.