ಮೂರು ಪೆಟ್ಟಿಗೆ, ಹತ್ತು ಕೊಲೆಗಥೆ: ಮರೆವಿನಿಂದ ಮರಳಿ ಬಂದ ಇಟಲಿಯ ಜಾಲ್ಲೊ ಚಿತ್ರಗಳು

ಲುಯಿಜಿ ಬಝೋನಿ 1971ರಲ್ಲಿ ನಿರ್ದೇಶಿಸಿದ ‘ದಿ ಫಿಫ್ತ್ ಕಾರ್ಡ್’ ಚಿತ್ರದಲ್ಲಿ ಕೊಲೆ ನಡೆದ ಜಾಗಗಳಲ್ಲಿ ಒಂದು ಕಪ್ಪು ಕೈಗವಸು ಸಿಗುತ್ತದೆ, ಮತ್ತು ಒಂದೊಂದು ಕೊಲೆಗೂ ಅದರ ಬೆರಳುಗಳನ್ನು ಕತ್ತರಿಸಿ ಲೆಕ್ಕ ಇಡಲಾಗಿರುತ್ತದೆ. ಬಹಳ ವರ್ಷಗಳ ಹಿಂದೆ ಹಳೆಯ ವಿಡಿಯೊ ಕ್ಯಾಸೆಟ್ಟಿನಿಂದ ಇಳಿಸಿದ ಪ್ರತಿಯೊಂದರಲ್ಲಿ ನಾನು ಈ ಚಿತ್ರವನ್ನು ಮೊದಲ ಸಲ ನೋಡಿದಾಗ, ಕತ್ತಲೆಯಲ್ಲಿ ಕಪ್ಪು ಕೈಗವಸು ಕಾಣಿಸುವುದೇ ಕಷ್ಟವಾಗಿತ್ತು. ಬೆರಳುಗಳ ಲೆಕ್ಕವಂತೂ ಯಾರೋ ಮಾತಿನಲ್ಲಿ ಹೇಳಿದ ಮೇಲೆಯೇ ತಿಳಿಯಿತು. ಪತ್ತೇದಾರಿ ಚಿತ್ರವೊಂದರಲ್ಲಿ ಸುಳಿವೇ ಕಾಣದಿದ್ದರೆ ಪ್ರೇಕ್ಷಕನಿಗೆ ಉಳಿಯುವುದು ಬರಿಯ ಕೊಲೆಗಳು. ಈ ಬಗೆಯ ಚಿತ್ರಗಳಲ್ಲಿ ಬಹುಪಾಲು ಸಮಸ್ಯೆ ನಿಂತಿರುವುದು ಕಣ್ಣಿಗೆ ಬಿದ್ದರೂ ಅರ್ಥವಾಗದ ಒಂದು ವಿವರದ ಮೇಲೆ. ಆದ್ದರಿಂದ ಇವುಗಳ ಜೀರ್ಣೋದ್ಧಾರವನ್ನು, ಎಂದರೆ ಹಳೆಯ ಫಿಲ್ಮನ್ನು ಸ್ಕ್ಯಾನ್ ಮಾಡಿ ಸರಿಪಡಿಸುವುದನ್ನು, ನಾನು ಅಲಂಕಾರವೆಂದು ಎಣಿಸುವುದಿಲ್ಲ. ಅದು ಪ್ರೇಕ್ಷಕನಿಗೆ ಸಲ್ಲಬೇಕಾದ ನ್ಯಾಯ. ಮುಂದೆ ಬರುವ ಹೋಲಿಕೆಯಲ್ಲಿ ನಾನು ಹಿಡಿದಿರುವ ಅಳತೆಗೋಲು ಇದೊಂದೇ.

ಜಾಲ್ಲೊ ಎಂದರೆ ಇಟಾಲಿಯನ್ ಭಾಷೆಯಲ್ಲಿ ಹಳದಿ. ಮಿಲಾನಿನ ಮೊಂಡಾಡೊರಿ ಪ್ರಕಾಶನವು 1929ರಿಂದ ಹಳದಿ ರಕ್ಷಾಪುಟದಲ್ಲಿ ಪತ್ತೇದಾರಿ ಕಾದಂಬರಿಗಳನ್ನು ಹೊರತಂದುದರಿಂದ, ಆ ಬಣ್ಣದ ಹೆಸರೇ ಆ ಬಗೆಯ ಕಥೆಗಳಿಗೆ ನಿಂತಿತು. ನಮ್ಮಲ್ಲಿ ಬಸ್ ನಿಲ್ದಾಣದ ಅಂಗಡಿಗಳಲ್ಲಿ ಪತ್ತೇದಾರಿ ಕಾದಂಬರಿಗಳನ್ನು ಕೊಂಡು ಊರು ತಲುಪುವುದರೊಳಗೆ ಮುಗಿಸುತ್ತಿದ್ದವರಿಗೆ ಆ ಪುಸ್ತಕಗಳ ಆಕರ್ಷಣೆಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ತೆರೆಯ ಮೇಲೆ ಈ ಪ್ರಕಾರಕ್ಕೆ ಬುನಾದಿ ಹಾಕಿದವರು 1963–64ರಲ್ಲಿ ಮಾರಿಯೊ ಬಾವಾ. ಡಾರಿಯೊ ಅರ್ಜೆಂಟೊ ಅವರ ಮೊದಲ ಚಿತ್ರ 1970ರಲ್ಲಿ ಗೆದ್ದ ಮೇಲೆ ಮುಂದಿನ ನಾಲ್ಕೈದು ವರ್ಷ ಇಟಲಿಯ ನಿರ್ಮಾಪಕರು ಇಂಥ ಚಿತ್ರಗಳನ್ನು ಒಂದರ ಹಿಂದೊಂದು ತೆಗೆದರು. ಬಾವಾ, ಅರ್ಜೆಂಟೊ ಇಬ್ಬರ ಚಿತ್ರಗಳಿಗೆ ಒಳ್ಳೆಯ ಪ್ರತಿಗಳು ಬೇಗನೆ ಬಂದವು. ಅವರ ನೆರಳಿನಲ್ಲಿ ಉಳಿದವರ ಕೆಲಸ ಮಾತ್ರ ಅಂಚು ಕತ್ತರಿಸಿದ, ಬಣ್ಣ ಮಾಸಿದ, ಎಲ್ಲೆಲ್ಲೋ ತುಂಡಾದ ಪ್ರತಿಗಳಲ್ಲೇ ದಶಕಗಳ ಕಾಲ ತಿರುಗಿತು.

ನಾನು ಹೋಲಿಸಿರುವ ಬ್ಲೂ–ರೇ ಡಿಸ್ಕುಗಳ ಪೆಟ್ಟಿಗೆಗಳು ಮೂರು. ಮೊದಲನೆಯದು ಬ್ರಿಟನ್ನಿನ ಆರೋ ವಿಡಿಯೊ 2021ರಲ್ಲಿ ತಂದ ‘ಜಾಲ್ಲೊ ಎಸೆನ್ಷಿಯಲ್ಸ್’ ಮಾಲೆಯ ಕೆಂಪು ಸಂಪುಟ. ಎರಡನೆಯದು ಅಮೆರಿಕದ ಸೆವೆರಿನ್ ಫಿಲ್ಮ್ಸ್ 2020ರಲ್ಲಿ ತಂದ ಲೆಂಝಿ–ಬೇಕರ್ ಸಂಗ್ರಹ. ಮೂರನೆಯದು ಅಮೆರಿಕದ್ದೇ ಆದ ವಿನೆಗರ್ ಸಿಂಡ್ರೋಮ್ 2019ರಲ್ಲಿ ಆರಂಭಿಸಿದ ‘ಫರ್ಗಾಟನ್ ಜಾಲ್ಲಿ’ (ಜಾಲ್ಲಿ ಎಂದರೆ ಜಾಲ್ಲೊದ ಬಹುವಚನ) ಮಾಲೆಯ ಮೊದಲ ಸಂಪುಟ. ಹತ್ತೂ ಚಿತ್ರಗಳನ್ನು ಒಂದೇ ಟಿವಿಯಲ್ಲಿ, ಒಂದೇ ಕೋಣೆಯಲ್ಲಿ, ರಾತ್ರಿ ದೀಪ ಆರಿಸಿ ನೋಡಿದೆ. ಟಿವಿಯ ಚಲನೆಯನ್ನು ನುಣುಪಾಗಿಸುವ ಸೌಲಭ್ಯವನ್ನೂ, ಕೃತಕವಾಗಿ ಅಂಚುಗಳನ್ನು ಹರಿತಗೊಳಿಸುವ ಸೌಲಭ್ಯವನ್ನೂ ಮೊದಲೇ ನಿಲ್ಲಿಸಿದ್ದೆ. ಇವೆರಡೂ ಚಾಲೂ ಇದ್ದರೆ ಫಿಲ್ಮಿನ ಸಹಜ ಕಣಗಳು ಕಲಸಿಹೋಗಿ, ಎಷ್ಟೇ ಶ್ರದ್ಧೆಯಿಂದ ಮಾಡಿದ ಜೀರ್ಣೋದ್ಧಾರವೂ ಮೇಣದ ಗೊಂಬೆಯಂತೆ ಕಾಣುತ್ತದೆ.

ಕೆಂಪು ಸಂಪುಟದಲ್ಲಿ ಬಝೋನಿಯವರ ಎರಡು ಚಿತ್ರಗಳೂ ಫ್ಲಾವಿಯೊ ಮೊಗೆರಿನಿಯವರ ಒಂದು ಚಿತ್ರವೂ ಇವೆ, ಮತ್ತು ಮೂರಕ್ಕೂ, ಚಿತ್ರೀಕರಣದಲ್ಲಿ ಕ್ಯಾಮೆರಾದೊಳಗೇ ಓಡಿದ ಫಿಲ್ಮಾದ ಮೂಲ ಕ್ಯಾಮೆರಾ ನೆಗೆಟಿವ್‌ನಿಂದ 2ಕೆ (ಅಡ್ಡಲಾಗಿ ಸುಮಾರು ಎರಡು ಸಾವಿರ ಚುಕ್ಕೆಗಳ) ಜೀರ್ಣೋದ್ಧಾರ ನಡೆದಿದೆ. ಇದರ ಪ್ರಯೋಜನ ಅತಿ ಹೆಚ್ಚಾಗಿ ಕಾಣುವುದು, ನಾನು ಎದುರು ನೋಡದ ಕಡೆ: ಫ್ರಾಂಕೊ ರೊಸೆಲ್ಲಿನಿಯವರೊಂದಿಗೆ ಬಝೋನಿ 1965ರಲ್ಲಿ ನಿರ್ದೇಶಿಸಿದ ಕಪ್ಪು–ಬಿಳುಪಿನ ‘ದಿ ಪೊಸೆಸ್ಡ್’ನಲ್ಲಿ. ಚಳಿಗಾಲದಲ್ಲಿ ಸರೋವರದ ಪಕ್ಕದ ಹೋಟೆಲಿಗೆ ಬರುವ ಬರಹಗಾರನೊಬ್ಬ ಅಲ್ಲಿ ಕೆಲಸಕ್ಕಿದ್ದ ಹುಡುಗಿಯನ್ನು ಹುಡುಕುತ್ತಾನೆ. ಅವಳು ಸತ್ತಿದ್ದಾಳೆಂದು ತಿಳಿದ ಮೇಲೆ ಅವನ ನೆನಪು, ಕನಸು, ಊಹೆ ಮೂರೂ ಒಂದರೊಳಗೊಂದು ಬೆರೆಯುತ್ತವೆ. ಕಥೆಯ ಹಿಂದೆ ಜೊವಾನ್ನಿ ಕೊಮಿಸ್ಸೊ ಅವರ ಕಾದಂಬರಿ ಇದೆ, ಅದರ ಹಿಂದೆ ಡೊಲೊಮೈಟ್ ಪರ್ವತಗಳ ನಡುವಿನ ಅಲ್ಲೆಗೆ ಎಂಬ ಊರಿನಲ್ಲಿ 1933ರಿಂದ 1946ರ ನಡುವೆ ನಿಜವಾಗಿಯೂ ನಡೆದ ಕೊಲೆಗಳಿವೆ. ಆ ಸರೋವರವೇ 1771ರಲ್ಲಿ ಬೆಟ್ಟ ಕುಸಿದು ನದಿಗೆ ಅಡ್ಡ ಬಿದ್ದುದರಿಂದ ಹುಟ್ಟಿದ್ದು ಎಂಬುದನ್ನು ತಿಳಿದುಕೊಂಡು ನೋಡಿದರೆ, ಆ ನೀರಿನ ಮೌನ ಇನ್ನೂ ಭಾರವೆನಿಸುತ್ತದೆ. ಛಾಯಾಗ್ರಾಹಕ ಲಿಯೊನಿಡಾ ಬಾರ್ಬೊನಿ ಕನಸಿನ ದೃಶ್ಯಗಳಲ್ಲಿ ಬಿಳುಪನ್ನು ಬೇಕೆಂದೇ ಅತಿಯಾಗಿ ಬೆಳಗಿಸಿದ್ದಾರೆ. ಕೆಟ್ಟ ಪ್ರತಿಯಲ್ಲಿ ಇಡೀ ಚಿತ್ರವೇ ಹಾಗೆ ಬಿಳಿಚಿಕೊಂಡಿರುವುದರಿಂದ ಯಾವುದು ಕನಸು, ಯಾವುದು ಎಚ್ಚರ ಎಂದು ತಿಳಿಯುವುದೇ ಇಲ್ಲ. ಈ ಡಿಸ್ಕಿನಲ್ಲಿ ಎಚ್ಚರದ ದೃಶ್ಯಗಳ ಬೂದು ಛಾಯೆಗಳು ಹಂತಹಂತವಾಗಿ ನಿಂತು, ಕನಸು ತಾನಾಗಿಯೇ ಬೇರೆಯಾಗುತ್ತದೆ. ಹತ್ತು ಚಿತ್ರಗಳಲ್ಲಿ ನನಗೆ ಅತಿ ಹೆಚ್ಚು ಬೆಲೆಯುಳ್ಳದ್ದೆನಿಸಿದ ಜೀರ್ಣೋದ್ಧಾರ ಇದು.

‘ದಿ ಫಿಫ್ತ್ ಕಾರ್ಡ್’ ಕುರಿತು ಹೇಳುವುದು ಸುಲಭ, ಏಕೆಂದರೆ ಅದರ ಛಾಯಾಗ್ರಾಹಕ ವಿಟ್ಟೊರಿಯೊ ಸ್ಟೊರಾರೊ, ಸಂಗೀತ ಎನ್ನಿಯೊ ಮೊರಿಕೊನೆಯವರದು, ಮತ್ತು ಕುಡಿತಕ್ಕೆ ಬಿದ್ದ ಪತ್ರಕರ್ತನ ಪಾತ್ರದಲ್ಲಿ ಫ್ರಾಂಕೊ ನೀರೊ ಇದ್ದಾರೆ. ಮುಂದೆ ಮೂರು ಆಸ್ಕರ್ ಪಡೆದ ಸ್ಟೊರಾರೊ ಇಲ್ಲಿ ಕಿಟಕಿಯ ಅಡ್ಡಪಟ್ಟಿಗಳ ಮೂಲಕ ಬೀಳುವ ಬೆಳಕನ್ನೂ, ಸುರುಳಿ ಮೆಟ್ಟಿಲುಗಳನ್ನೂ, ಕಾಂಕ್ರೀಟ್ ಕಟ್ಟಡಗಳ ಬರಡು ಗೋಡೆಗಳನ್ನೂ ಮನುಷ್ಯರ ಸುತ್ತ ಪಂಜರದಂತೆ ಹೆಣೆದಿದ್ದಾರೆ. ನಾನು ಹಿಂದೆ ಕಾಣದ ಕೈಗವಸು ಈಗ ಕಾಣುತ್ತದೆ. ಅಷ್ಟೇ ಅಲ್ಲ, ಅದರ ಸುತ್ತಲ ಕತ್ತಲೆಯಲ್ಲೂ ಹಲವು ಮಟ್ಟಗಳಿವೆ. ಕಥೆ ಸ್ವಲ್ಪ ಸಿಕ್ಕುಸಿಕ್ಕಾಗಿದೆ, ಕೊನೆಯ ಉತ್ತರಕ್ಕೆ ಬೇಕಾದಷ್ಟು ಆಧಾರವನ್ನು ಮೊದಲೇ ಕೊಟ್ಟಿಲ್ಲ ಎಂಬುದು ನಿಜ. ಆದರೂ ಈ ಚಿತ್ರವನ್ನು ನೋಡುವವರು ಉತ್ತರಕ್ಕಾಗಿ ನೋಡುವುದಿಲ್ಲವೆಂದು ನನ್ನ ಅನುಭವ.

ಮೂರನೆಯ ‘ದಿ ಪೈಜಾಮ ಗರ್ಲ್ ಕೇಸ್’ 1977ರ ಚಿತ್ರ. ಇಟಲಿಯದಾದರೂ ಕಥೆ ನಡೆಯುವುದು ಆಸ್ಟ್ರೇಲಿಯಾದಲ್ಲಿ. ಅಲ್ಲಿನ ಆಲ್ಬರಿ ಎಂಬ ಊರಿನ ಬಳಿ 1934ರಲ್ಲಿ ಸಿಕ್ಕ ಹೆಣ್ಣಿನ ಶವವನ್ನು ಗುರುತಿಸಲಾಗದೆ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಫಾರ್ಮಲಿನ್‌ನಲ್ಲಿಟ್ಟು, ಜನರಿಗೆ ತೋರಿಸಿ, ಹತ್ತು ವರ್ಷಗಳ ನಂತರವಷ್ಟೇ ಪೊಲೀಸರು ಗುರುತನ್ನು ಘೋಷಿಸಿದ ಪ್ರಕರಣ ಇದರ ಮೂಲ. ಶವವನ್ನು ಸಾರ್ವಜನಿಕರ ಮುಂದಿಡುವ ದೃಶ್ಯವನ್ನು ಮೊಗೆರಿನಿ ಚಿತ್ರಿಸಿರುವ ರೀತಿಯಲ್ಲಿ ಸತ್ತವಳ ಬಗ್ಗೆ ಕರುಣೆಯಿದೆ, ನೋಡಲು ಬಂದವರ ಬಗ್ಗೆ ಕೋಪವಿದೆ. ಜಾಲ್ಲೊ ಚಿತ್ರಗಳಲ್ಲಿ ಇದು ಅಪರೂಪ. ನಿವೃತ್ತ ಪೊಲೀಸ್ ಅಧಿಕಾರಿಯಾಗಿ ರೇ ಮಿಲ್ಯಾಂಡ್ ಅವರ ನಟನೆ ಚಿತ್ರಕ್ಕೆ ಬಲ. ನಡುವಿನ ಅರ್ಧ ಗಂಟೆ ಎಳೆದಂತಿದೆ ಎಂಬುದನ್ನೂ ಹೇಳಬೇಕು.

ಲೆಂಝಿ–ಬೇಕರ್ ಸಂಗ್ರಹದ ಬಲ ಬೇರೆ ಕಡೆ ಇದೆ. ಉಂಬೆರ್ಟೊ ಲೆಂಝಿ ನಿರ್ದೇಶಿಸಿ, ಹಾಲಿವುಡ್ ಬಿಟ್ಟು ಇಟಲಿಗೆ ಬಂದ ಕ್ಯಾರಲ್ ಬೇಕರ್ ನಟಿಸಿದ ನಾಲ್ಕು ಚಿತ್ರಗಳೂ ಇಲ್ಲಿ ಒಟ್ಟಿಗೆ ಇವೆ: 1969ರ ‘ಆರ್ಗಾಸ್ಮೊ’ ಮತ್ತು ‘ಸೋ ಸ್ವೀಟ್... ಸೋ ಪರ್ವರ್ಸ್’, 1970ರ ‘ಎ ಕ್ವೈಟ್ ಪ್ಲೇಸ್ ಟು ಕಿಲ್’, 1972ರ ‘ನೈಫ್ ಆಫ್ ಐಸ್’. ಈ ಚಿತ್ರಗಳು ಮರೆಯಾಗಲು ಹೆಸರುಗಳ ಗೊಂದಲವೂ ಒಂದು ಕಾರಣವೆಂದು ನನಗೆ ತೋರುತ್ತದೆ. ‘ಆರ್ಗಾಸ್ಮೊ’ ಅಮೆರಿಕದಲ್ಲಿ ‘ಪ್ಯಾರನೋಯಿಯಾ’ ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. ಮರುವರ್ಷ ಲೆಂಝಿ ಇಟಲಿಯಲ್ಲಿ ‘ಪರನೋಯಿಯಾ’ ಎಂಬ ಹೆಸರಿನಲ್ಲೇ ಬೇರೊಂದು ಚಿತ್ರ ಮಾಡಿದರು, ಅದು ಇಂಗ್ಲಿಷಿನಲ್ಲಿ ‘ಎ ಕ್ವೈಟ್ ಪ್ಲೇಸ್ ಟು ಕಿಲ್’ ಆಯಿತು. ಎರಡೂ ಒಂದೇ ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಇರುವುದರಿಂದ ಆ ಗಂಟು ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಜೊತೆಗೆ ‘ಆರ್ಗಾಸ್ಮೊ’ದ ಎರಡು ಆವೃತ್ತಿಗಳಿವೆ: ನಿರ್ದೇಶಕರ ಉದ್ದದ ಆವೃತ್ತಿ, ಹಾಗೂ ಅಮೆರಿಕದಲ್ಲಿ ವಯಸ್ಕರಿಗೆ ಮಾತ್ರ ಎಂಬ ಎಕ್ಸ್ ಪ್ರಮಾಣಪತ್ರದೊಂದಿಗೆ ತೆರೆಕಂಡ ಆವೃತ್ತಿ. ರೋಮಿನ ಹೊರವಲಯದ ಬಂಗಲೆಯಲ್ಲಿ ಒಂಟಿಯಾಗಿರುವ ಶ್ರೀಮಂತ ವಿಧವೆಯೊಬ್ಬಳ ಬದುಕಿನೊಳಗೆ ಯುವಕ–ಯುವತಿಯರಿಬ್ಬರು ನುಸುಳಿ ಅವಳನ್ನು ಹಂತಹಂತವಾಗಿ ಕುಗ್ಗಿಸುವ ಈ ಕಥೆಯಲ್ಲಿ ನಿಧಾನಕ್ಕೆ ಅರ್ಥವಿದೆ. ಎರಡನ್ನೂ ಸತತ ಎರಡು ರಾತ್ರಿ ನೋಡಿದ ನಾನು ಉದ್ದದ ಆವೃತ್ತಿಯನ್ನೇ ಆರಿಸುತ್ತೇನೆ.

ಈ ನಾಲ್ಕರಲ್ಲಿ ರಕ್ತಪಾತ ಕಡಿಮೆ, ಒಳಸಂಚು ಹೆಚ್ಚು. ಆಸ್ತಿ, ವಿಮೆ, ಹಳೆಯ ಗಂಡ, ಹೊಸ ಹೆಂಡತಿ, ಯಾರು ಯಾರನ್ನು ನಂಬಿಸುತ್ತಿದ್ದಾರೆ ಎಂಬ ಪ್ರಶ್ನೆ: ಇವೇ ಸಾಮಗ್ರಿ. ಒಂದೇ ನಟಿ ಒಮ್ಮೆ ಬಲಿಯಾಗಿ, ಒಮ್ಮೆ ಸಂಚಿನ ಪಾಲುದಾರಳಂತೆ, ಕೊನೆಗೆ ‘ನೈಫ್ ಆಫ್ ಐಸ್’ನಲ್ಲಿ ಬಾಲ್ಯದ ರೈಲು ಅಪಘಾತದ ಆಘಾತದಿಂದ ಮಾತು ಕಳೆದುಕೊಂಡವಳಾಗಿ ಬರುವುದನ್ನು ವರುಷದ ಕ್ರಮದಲ್ಲಿ ನೋಡಿದಾಗ, ಹಿಂದಿನ ಚಿತ್ರದಲ್ಲಿ ಕಲಿತ ಅನುಮಾನವನ್ನು ಮುಂದಿನ ಚಿತ್ರ ಬಳಸಿಕೊಂಡು ನಮ್ಮನ್ನು ದಾರಿ ತಪ್ಪಿಸುವುದು ತಿಳಿಯುತ್ತದೆ. ಬಿಡಿಬಿಡಿಯಾಗಿ ನೋಡಿದವರಿಗೆ ಈ ಅನುಭವ ಸಿಗಲಾರದು. ಚಿತ್ರಗಳ ಸಂಗೀತದ ಸಿ.ಡಿ.ಗಳೂ ಪೆಟ್ಟಿಗೆಯಲ್ಲಿವೆ, ಪಿಯೆರೊ ಉಮಿಲಿಯಾನಿ, ರಿಝ್ ಒರ್ಟೊಲಾನಿ ಅವರ ಸಂಗೀತವನ್ನು ಇಷ್ಟಪಡುವವರಿಗೆ ಅದು ಸಣ್ಣ ಸಂಗತಿಯಲ್ಲ. ಬಣ್ಣಗಳು ಬೆಚ್ಚಗಿವೆ, ಮಯೋರ್ಕಾ ದ್ವೀಪದ ಬಿಸಿಲು ಬಿಸಿಲಾಗಿಯೇ ಕಾಣುತ್ತದೆ. ಆದರೆ ಬಝೋನಿಯವರ ಚಿತ್ರಗಳಲ್ಲಿ ಬೆಳಕೇ ಕಥೆ ಹೇಳುವಂತೆ ಲೆಂಝಿಯವರಲ್ಲಿ ಹೇಳುವುದಿಲ್ಲವಾದ್ದರಿಂದ, ಜೀರ್ಣೋದ್ಧಾರ ಎಷ್ಟೇ ಚೆನ್ನಾಗಿದ್ದರೂ ಅದು ರಹಸ್ಯಕ್ಕೆ ಹೊಸದಾಗಿ ಸೇರಿಸುವುದು ಕಡಿಮೆ.

‘ಫರ್ಗಾಟನ್ ಜಾಲ್ಲಿ’ಯ ಮೊದಲ ಸಂಪುಟಕ್ಕೆ ಬರುವ ಮುನ್ನ ಅದನ್ನು ತಂದ ಸಂಸ್ಥೆಯ ಹೆಸರಿನ ಬಗ್ಗೆ ಒಂದು ಮಾತು. ಅಸಿಟೇಟ್ ಫಿಲ್ಮು ಶೆಕೆ ಮತ್ತು ತೇವದಲ್ಲಿ ಕೊಳೆಯತೊಡಗಿದಾಗ ಅಸಿಟಿಕ್ ಆಮ್ಲ ಹೊರಬಂದು ವಿನೆಗರ್‌ನ ಹುಳಿ ವಾಸನೆ ಹೊಡೆಯುತ್ತದೆ. ಫಿಲ್ಮು ಕುಗ್ಗಿ, ಸೊಟ್ಟಗಾಗಿ, ಕೊನೆಗೆ ಸ್ಕ್ಯಾನ್ ಮಾಡಲೂ ಬಾರದಂತಾಗುತ್ತದೆ. ಆ ರೋಗದ ಹೆಸರನ್ನೇ ಸಂಸ್ಥೆ ಇಟ್ಟುಕೊಂಡಿದೆ. ಯಾರೂ ಕೇಳದ ಚಿತ್ರಗಳಿಗೆ ಈ ಅಪಾಯ ಎಲ್ಲಕ್ಕಿಂತ ಹೆಚ್ಚು, ಮತ್ತು ಈ ಪೆಟ್ಟಿಗೆಯಲ್ಲಿರುವುವು ಅಂಥವೇ. ಮೂರರಲ್ಲಿ ಎರಡು ಸ್ಪೇನಿನವು: ಹಾವಿಯೆರ್ ಅಗಿರ್ರೆಯವರ ‘ದಿ ಕಿಲ್ಲರ್ ಈಸ್ ಒನ್ ಆಫ್ ಥರ್ಟೀನ್’, ಲಿಯೋನ್ ಕ್ಲಿಮೊವ್‌ಸ್ಕಿಯವರ ‘ಟ್ರಾಮಾ’. ಇಟಲಿಯದು ಹೆಲಿಯಾ ಕೊಲೊಂಬೊ ಅವರ ‘ದಿ ಪೊಲೀಸ್ ಆರ್ ಬ್ಲಂಡರಿಂಗ್ ಇನ್ ದ ಡಾರ್ಕ್’ ಒಂದೇ. ಇಟಲಿಯ ಚಿತ್ರಗಳನ್ನೇ ಬಯಸಿ ಕೊಳ್ಳುವವರು ಇದನ್ನು ಮೊದಲೇ ತಿಳಿದಿರಬೇಕು; ಆ ಕಾಲದಲ್ಲಿ ಎರಡೂ ದೇಶಗಳು ಸೇರಿ ನಿರ್ಮಿಸಿದ ಚಿತ್ರಗಳು ಹಲವು ಇದ್ದುದರಿಂದ, ಸ್ಪೇನಿನವನ್ನು ಸೇರಿಸಿದ್ದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ಗಂಡನನ್ನು ಕೊಂದವರು ಯಾರೆಂದು ತಿಳಿಯಲು ಹದಿಮೂರು ಮಂದಿಯನ್ನು ಮನೆಗೆ ಕರೆಯುವ ವಿಧವೆಯ ಕಥೆ ಹೇಳುವ ಅಗಿರ್ರೆಯವರ ಚಿತ್ರ ಬಹಳ ಹೊತ್ತು ಮಾತಿನಲ್ಲೇ ಸಾಗುತ್ತದೆ, ನನಗೆ ಅದು ಹಿಡಿಸಲಿಲ್ಲ. ‘ಟ್ರಾಮಾ’ ಪರವಾಗಿಲ್ಲ. ಕೊಲೊಂಬೊ ಅವರ ಚಿತ್ರದಲ್ಲಿ ಮಾತ್ರ, ಗಾಲಿಕುರ್ಚಿಯಲ್ಲಿ ಕುಳಿತ ಛಾಯಾಗ್ರಾಹಕನೊಬ್ಬ ಮನುಷ್ಯರ ಆಲೋಚನೆಗಳನ್ನೇ ಸೆರೆಹಿಡಿಯುವ ಯಂತ್ರವೊಂದನ್ನು ಕಟ್ಟಿದ್ದಾನೆಂಬ ವಿಚಿತ್ರ ಕಲ್ಪನೆಯಿದೆ. ಚಿತ್ರ ಒರಟಾಗಿದೆ, ಸಂಕಲನ ಅಲ್ಲಲ್ಲಿ ಎಡವುತ್ತದೆ. ಆದರೂ ಬೇರೆಲ್ಲೂ ಕಾಣದ ಈ ಕಲ್ಪನೆ ಯಾವುದೋ ಉಗ್ರಾಣದಲ್ಲಿ ಹುಳಿತು ಹೋಗದೆ ಸ್ವಚ್ಛವಾಗಿ ನಮ್ಮೆದುರಿಗೆ ಬಂದಿದೆ ಎಂಬುದೇ ನನಗೆ ಸಂತೋಷ.

ಧ್ವನಿಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯವಾಗಿದೆ: ಇಟಾಲಿಯನ್ ಧ್ವನಿಯೇ ಮೂಲ, ಇಂಗ್ಲಿಷ್ ಡಬ್ಬಿಂಗ್ ಎಂದು. ಆ ಕಾಲದ ಇಟಲಿಯಲ್ಲಿ ನಟರು ಸೆಟ್ಟಿನಲ್ಲಿ ತಮ್ಮತಮ್ಮ ಭಾಷೆಯಲ್ಲಿ ಮಾತಾಡುತ್ತಿದ್ದರು, ಧ್ವನಿಯನ್ನು ಎಲ್ಲ ಭಾಷೆಗಳಿಗೂ ಆಮೇಲೆ ಸ್ಟುಡಿಯೋದಲ್ಲಿ ಕೂಡಿಸುತ್ತಿದ್ದರು. ಹೀಗಾಗಿ ಬೇಕರ್ ಅವರ ಚಿತ್ರಗಳನ್ನು ಇಂಗ್ಲಿಷಿನಲ್ಲಿ ನೋಡಿದರೆ ಅವರ ತುಟಿಚಲನೆ ಮಾತಿಗೆ ಹೊಂದುತ್ತದೆ, ‘ದಿ ಪೊಸೆಸ್ಡ್’ ಇಟಾಲಿಯನ್ನಿನಲ್ಲೇ ಚೆನ್ನ. ಆರೋ ಮತ್ತು ಸೆವೆರಿನ್ ಎರಡೂ ಪೆಟ್ಟಿಗೆಗಳು ಈ ಆಯ್ಕೆಯನ್ನು ಪ್ರೇಕ್ಷಕರಿಗೇ ಬಿಟ್ಟಿವೆ. ಆರೋ ಡಿಸ್ಕುಗಳಲ್ಲಿ ಇಟಾಲಿಯನ್ ಸಂಭಾಷಣೆಯನ್ನು ಹೊಸದಾಗಿ ಅನುವಾದಿಸಿದ ಉಪಶೀರ್ಷಿಕೆಗಳಿರುವುದು ವಿಶೇಷ ಅನುಕೂಲ, ಏಕೆಂದರೆ ಎರಡು ಭಾಷೆಗಳ ಮಾತುಗಳ ನಡುವಿನ ವ್ಯತ್ಯಾಸದಲ್ಲೇ ಕೆಲವೊಮ್ಮೆ ಒಂದು ಸುಳಿವು ಸೋರಿಹೋಗಿರುತ್ತದೆ.

ಭಾರತದಲ್ಲಿ ಕೊಳ್ಳುವವರು ಗಮನಿಸಬೇಕಾದ ಸಂಗತಿ ಒಂದಿದೆ. ಯಾವ ಡಿಸ್ಕು ಎಲ್ಲಿ ಓಡಬೇಕೆಂದು ಜಗತ್ತನ್ನು ಹಂಚಿರುವ ಬ್ಲೂ–ರೇ ವಲಯಗಳಲ್ಲಿ ಅಮೆರಿಕ ಎ, ಬ್ರಿಟನ್ ಬಿ, ಭಾರತ ಸಿ. ವಲಯಕ್ಕೆ ಬೀಗ ಹಾಕಿದ ಡಿಸ್ಕು ನಮ್ಮಲ್ಲಿ ಮಾರುವ ಸಾಧಾರಣ ಪ್ಲೇಯರಿನಲ್ಲಿ ಓಡುವುದಿಲ್ಲ. ನಾನು ಎಲ್ಲ ವಲಯಗಳನ್ನೂ ಓದುವ ಪ್ಲೇಯರ್ ಕೊಂಡ ಮೇಲೆಯೇ ಈ ಸಂಗ್ರಹಕ್ಕೆ ಕೈಹಾಕಿದೆ. ಕೆಂಪು ಸಂಪುಟದ ಮೂರು ಚಿತ್ರಗಳನ್ನೂ ಆರೋ ಅದಕ್ಕೆ ಮೊದಲೇ ಬಿಡಿಯಾಗಿ ತಂದಿತ್ತಾದ್ದರಿಂದ, ಆ ಬಿಡಿ ಡಿಸ್ಕುಗಳು ಇರುವವರು ಪೆಟ್ಟಿಗೆಗೆ ಮತ್ತೆ ಹಣ ಹಾಕಬೇಕಾಗಿಲ್ಲ.

ಒಂದನ್ನೇ ಕೊಳ್ಳಬಲ್ಲವರಿಗೆ ನಾನು ಯಾವ ಅಳುಕೂ ಇಲ್ಲದೆ ಕೆಂಪು ಸಂಪುಟವನ್ನು ಹೇಳುತ್ತೇನೆ. ಅಲ್ಲಿ ಸರಿಪಡಿಸಿದ ಚಿತ್ರವೇ ಸರಿಪಡಿಸಿದ ಕಥೆಯೂ ಆಗಿದೆ. ರಕ್ತಕ್ಕಿಂತ ಸಂಚನ್ನು ಇಷ್ಟಪಡುವವರು, ನಾಲ್ಕು ರಾತ್ರಿ ಒಂದೇ ನಟಿಯ ಜೊತೆ ಕೂರಲು ಸಿದ್ಧರಿರುವವರು ಲೆಂಝಿ–ಬೇಕರ್ ಸಂಗ್ರಹದಿಂದ ಆರಂಭಿಸಬಹುದು. ‘ಫರ್ಗಾಟನ್ ಜಾಲ್ಲಿ’ಯನ್ನು ಮೊದಲ ಪರಿಚಯಕ್ಕೆ ಕೊಳ್ಳಬೇಡಿರೆಂದು ಹೇಳುವೆನಾದರೂ, ಹತ್ತಿಪ್ಪತ್ತು ಜಾಲ್ಲೊ ಚಿತ್ರಗಳನ್ನು ಈಗಾಗಲೇ ಕಂಡವರು ಕೊಲೊಂಬೊ ಅವರ ಆಲೋಚನೆ ಹಿಡಿಯುವ ಯಂತ್ರಕ್ಕಾಗಿಯಾದರೂ ಅದನ್ನು ನೋಡಬೇಕು. ನನ್ನ ಕಪಾಟಿನಲ್ಲಿ ಈಗ ಆರೋ ಮಾಲೆಯ ಕಪ್ಪು ಸಂಪುಟ ಕಾದಿದೆ. ಅದರಲ್ಲಿ ಜುಸೆಪ್ಪೆ ಬೆನ್ನಾಟಿ 1974ರಲ್ಲಿ ಮಾಡಿದ, ಹಳೆಯ ರಂಗಮಂದಿರವೊಂದರಲ್ಲಿ ಸಿಕ್ಕಿಬಿದ್ದವರು ಒಬ್ಬೊಬ್ಬರಾಗಿ ಸಾಯುವ ‘ದಿ ಕಿಲ್ಲರ್ ರಿಸರ್ವ್ಡ್ ನೈನ್ ಸೀಟ್ಸ್’ ಇದೆ. ಆ ರಂಗಮಂದಿರದ ಕತ್ತಲೆಯಲ್ಲಿ ಎಷ್ಟು ಮಟ್ಟಗಳಿವೆಯೆಂದು ಬರುವ ಶನಿವಾರ ನೋಡಬೇಕು.