ಗ್ರೇಟರ್ ದ್ಯಾನ್ ಜಿನ್: ಒಂದು ಫುಲ್ ಬಾಟ್ಲಿ, ಮೂರು ಶನಿವಾರ

ನಾನು ಮೊದ್ಲಿಂದ್ಲೂ ರಮ್ ಗಿರಾಕಿ, ಜಿನ್ ಅಂದ್ರೆ ಕಾಲೇಜ್ ಟೈಮಲ್ಲಿ ಶರಬತ್ತಿಗೆ ಹಾಕ್ಕೊಂಡು ಕುಡ್ದು ಮಾರ್ನೇ ದಿನ ತಲೆ ಹಿಡ್ಕೊಂಡ್ ಕೂತಿದ್ದೊಂದೇ ನೆನಪು. ಹೋದ್ ತಿಂಗ್ಳು ನಮ್ಮ ಮೈಸೂರಲ್ಲೇ ಒಂದ್ ಬಾರಲ್ಲಿ (ಹೆಸ್ರು ಬೇಡ ಬಿಡಿ) ಜಿನ್ ಟಾನಿಕ್ ಕೇಳಿದ್ರೆ, ಟಾನಿಕ್ ಖಾಲಿ ಸಾರ್ ಅಂತ ಸೋಡಾಗೆ ಸಕ್ರೆ ಪಾಕ ಹಾಕಿ ತಂದಿಟ್ಟು ಬಿಲ್ಲಲ್ಲಿ ಮಾತ್ರ ಟಾನಿಕ್ ರೇಟೇ ಹಾಕಿದ್ರು. ಆ ಸಿಟ್ಟಿಗೆ ಮನೆಗ್ ಬರೋ ದಾರೀಲಿ ವೈನ್ಸಲ್ಲಿ ಗ್ರೇಟರ್ ದ್ಯಾನ್ ಒಂದು ಫುಲ್ ತಗೊಂಡೆ.

ಗೋವಾ ಮಾಲು, 2017ರಲ್ಲಿ ಬಂದಿದ್ದು. ಲೇಬಲ್ ಮೇಲೆ ಲಂಡನ್ ಡ್ರೈ ಅಂತಿರುತ್ತೆ, ಹಂಗಂದ್ರೆ ಲಂಡನ್ನಲ್ಲೇ ಮಾಡಿರ್ಬೇಕು ಅಂತೇನಿಲ್ಲ, ಬಟ್ಟಿ ಇಳಿಸಿದ್ಮೇಲೆ ಫ್ಲೇವರ್ರು ಬಣ್ಣ ಸೇರ್ಸಂಗಿಲ್ಲ ಅಷ್ಟೆ. ಮುಚ್ಚಳ ತೆಗ್ದು ಮೂಸಿದ್ರೆ ಮೊದ್ಲು ಜುನಿಪರ್ (ಜಿನ್ನಿಗೆ ಮುಖ್ಯವಾಗಿ ಹಾಕೋ ಒಂಥರಾ ಕಾಯಿ), ಆಗ ತಾನೆ ಕೊಯ್ದ ಮರದ ಥರ ಘಮ, ಅದ್ರ ಹಿಂದೇನೇ ಕೊತ್ತಂಬರಿ ಬೀಜ, ಆಮೇಲೆ ಸ್ವಲ್ಪ ಶುಂಠಿ.

ಮೊದಲ್ನೇ ಶನಿವಾರ ಮಂಡ್ಯದಿಂದ ಬಾಮೈದ ಬಂದಿದ್ದ, ಜಿನ್ನಿಗೆ ಟಾನಿಕ್ ಹಾಕ್ಕೊಟ್ಟೆ. ಒಂದ್ ಗುಟುಕಿಗೇ "ಏನ್ ಭಾವ ಇದು, ಜ್ವರದ್ ಔಸ್ದಿ ಇದ್ದಂಗೈತೆ" ಅಂದ. ಅವ್ನ್ ಹೇಳಿದ್ದೂ ಸರೀನೇ, ಟಾನಿಕ್ಕಿನ ಕಹಿ ಕ್ವಿನೈನ್‌ದು, ಮಲೇರಿಯಾಗೆ ಕೊಡ್ತಿದ್ದಿದ್ದು, ಆ ಕಹಿ ಗಂಟ್ಲಲ್ಲಿ ಇಳೀಲಿ ಅಂತ್ಲೇ ಬ್ರಿಟಿಷ್ರು ಜಿನ್ ಬೆರೆಸ್ಕೊಂಡ್ರು ಅಂತಾರೆ. ಶ್ರೀರಂಗಪಟ್ಟಣದ ಸೊಳ್ಳೆಗೆ ಹೆದ್ರಿ 1809ರಲ್ಲಿ ದಂಡನ್ನೇ ಬೆಂಗ್ಳೂರಿಗೆ ಎತ್ಕೊಂಡ್ ಹೋದೋರಲ್ವಾ ಅವ್ರು!

ಆದ್ರೆ ಅವತ್ತು ನಿಜವಾಗ್ಲೂ ಕೆಡ್ಸಿದ್ದು ಐಸು. ಫ್ರೀಜರಲ್ಲಿ ಟ್ರೇ ಪಕ್ಕಾನೇ ತೆಂಗಿನ್‌ತುರಿ ಡಬ್ಬ, ಗ್ಲಾಸ್ ತುಂಬಾ ಕಾಯಿ ವಾಸ್ನೆ. ರಮ್ಮು ಕೋಕ್ ಆಗಿದ್ರೆ ಗೊತ್ತೇ ಆಗ್ತಿರ್ಲಿಲ್ಲ, ಜಿನ್ನಲ್ಲಿ ಏನೂ ಮುಚ್ಚಿಡಕ್ಕಾಗಲ್ಲ. ಮುಂದಿನ್ ವಾರ ಸ್ಟೀಲ್ ಡಬ್ಬೀಲಿ ಮುಚ್ಚಳ ಹಾಕಿ ದಪ್ಪ ಗಡ್ಡೆ ಮಾಡ್ಕೊಂಡೆ, ಬೇಗ ಕರಗಲ್ಲ, ಕೊನೇ ಗುಟುಕಿನ್ ತನ್ಕ ರುಚಿ ಹಂಗೇ ಇತ್ತು.

ನಂಗೆ ಹಿಡಿಸಿದ್ದು ಗಿಮ್ಲೆಟ್, ಅಂದ್ರೆ ಜಿನ್ನಿಗೆ ನಿಂಬೆ ಹುಳಿ ಸಿಹಿ ಸೇರ್ಸಿದ ಕಾಕ್‌ಟೇಲ್. ಹಳೇ ಕ್ರಮದಲ್ಲಿ ಬಾಟ್ಲಿ ಲೈಮ್ ಕಾರ್ಡಿಯಲ್ (ನಿಂಬೆಯ ಸಿಹಿ ಪಾಕ) ಹಾಕ್ತಾರೆ, ನಾನು 60 ಎಂಎಲ್ ಜಿನ್ನಿಗೆ ನಿಂಬೆರಸ 20, ಪಾಕ 20 ಹಾಕಿ, ಜಿಮ್ಮಿಗ್ ಹೋಗ್ತೀನಿ ಅಂತ ತಗೊಂಡು ಮೂಲೇಗಿಟ್ಟಿದ್ದ ಪ್ರೋಟೀನ್ ಶೇಕರಲ್ಲಿ ಐಸ್ ಜೊತೆ ಚೆನ್ನಾಗ್ ಕುಲುಕಿ ಸೋಸಿದೆ. ಸಕ್ಕತ್. ನಿಂಬೆ ಸಿಪ್ಪೆನ ಗ್ಲಾಸ್ ಅಂಚಿಗೆ ಉಜ್ಜಿ ನೋಡಿ, ಬಾಯಿಗೆ ಮುಂಚೆ ಮೂಗಿಗೇ ಸಿಕ್ಬಿಡುತ್ತೆ.

ನೆಗ್ರೋನಿ ಅಂದ್ರೆ ಜಿನ್, ಕಂಪಾರಿ (ಇಟಲಿಯ ಕೆಂಪು ಕಹಿ ಮದ್ಯ), ಸ್ವೀಟ್ ವರ್ಮೂತ್ (ಗಿಡಮೂಲಿಕೆ ಹಾಕಿದ ಸಿಹಿ ವೈನು) ಮೂರೂ ಸಮಸಮ. ಹಾಗಲಕಾಯಿ ಗೊಜ್ಜು ಇಷ್ಟ ಪಡೋರಿಗೆ ಹೇಳ್ಮಾಡ್ಸಿದ್ದು, ಕಂಪಾರಿ ರೇಟ್ ಮಾತ್ರ ಕೇಳ್ಬೇಡಿ.

ಜಿನ್ನಿಗೆ ಡ್ರೈ ವರ್ಮೂತ್ ಸೇರ್ಸಿ ಮಾಡೋ ಮಾರ್ಟಿನಿ ಕೆಡ್ತು, ತಪ್ಪು ನಂದೇ. ಡ್ರೈ ವರ್ಮೂತ್ ಅನ್ನೋದು ವೈನು, ತೆಗೆದ್ಮೇಲೆ ಫ್ರಿಜ್ಜಲ್ಲಿಡ್ಬೇಕು, ನಾನು ಎರಡು ವಾರ ಅಟ್ಟದ ಮೇಲಿಟ್ಟಿದ್ದೆ. ಹೊಸದೊಂದು ಚಿಕ್ಕ ಬಾಟ್ಲಿ ತಂದು ಮೊಸರು ಪಾತ್ರೆ ಪಕ್ಕ ಇಟ್ಟಿದ್ದೀನಿ, ಮನೆಯವ್ಳು ಇನ್ನೂ ನೋಡಿಲ್ಲ.